ದಾಕ್ಷಾಯಿಣಿಯ ಕಿವಿಗುಂಡಿ

ಯಾವುದು ಮಾತು, ಯಾವುದು ಗದ್ದಲ ಎಂಬುದನ್ನು ಇನ್ನು ಮುಂದೆ ಕಿವಿಗುಂಡಿಯೇ ನಿರ್ಧರಿಸುತ್ತದೆ ಎಂದು ಸಮಶ್ರುತಿ ಕಂಪನಿ ಘೋಷಿಸಿದ ದಿನ, ಆ ತೀರ್ಮಾನವನ್ನು ಉತ್ತರ ಕರ್ನಾಟಕದ ಕಿವಿಗಳಿಗೆ ತಲುಪಿಸುವ ಕೆಲಸ ಫಕೀರೇಶನ ಪಾಳಿಗೆ ಬಂತು. ಕೆಲಸ ದೊಡ್ಡದೇನಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಟ್ಟಡವೊಂದರಲ್ಲಿ ಕಂಪನಿಯ ನಿಯಂತ್ರಣ ಕೊಠಡಿಯಿತ್ತು. ಗೋಡೆಯ ತುಂಬ ಪರದೆ, ಪರದೆಯ ಮೇಲೆ ಜಿಲ್ಲೆಗಳ ನಕ್ಷೆ, ನಕ್ಷೆಯಲ್ಲಿ ಒಂದೊಂದು ಗುಂಡಿಗೆ ಒಂದೊಂದು ಚುಕ್ಕೆ. ಅಪ್‌ಡೇಟ್ ಮುಟ್ಟಿದ ಚುಕ್ಕೆ ಹಸಿರಾಗುತ್ತಿತ್ತು. ಹಸಿರಾಗದ ಚುಕ್ಕೆಗೆ ಮತ್ತೊಮ್ಮೆ ಕಳಿಸಬೇಕು. ಸಂಜೆ ಪಾಳಿ ಮುಗಿಯುವ ಹೊತ್ತಿಗೆ ನಕ್ಷೆ ಮಳೆ ಬಿದ್ದ ಹೊಲದಂತೆ ಕಾಣುತ್ತಿತ್ತು. ಅದರಲ್ಲಿ ಒಂದು ಚುಕ್ಕೆ ಅವನ ಹೆಂಡತಿಯದು. ಅದನ್ನೂ ಅವನೇ ಹಸಿರು ಮಾಡಿದ್ದ.

ಕಿವಿಗುಂಡಿ ಎಂಬುದು ಜನ ಇಟ್ಟ ಹೆಸರು. ಕಿವಿಯ ಒಳಗೆ, ಚರ್ಮದ ಅಡಿಯಲ್ಲಿ ಒಂದು ತಂತಿಯನ್ನು ವೈದ್ಯರು ಕೂಡಿಸುತ್ತಾರೆ. ಹೊರಗೆ, ಕಿವಿಯ ಹಿಂದೆ, ಅಂಗಿಯ ಗುಂಡಿಯಷ್ಟಗಲದ ಸಾಧನ ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ. ಸದ್ದನ್ನು ಅದು ವಿದ್ಯುತ್ ಮಿಡಿತವಾಗಿ ಬದಲಿಸಿ ಒಳಗಿನ ತಂತಿಗೆ ಕೊಡುತ್ತದೆ, ತಂತಿ ನರಕ್ಕೆ ಕೊಡುತ್ತದೆ. ಮೊದಲಿನ ಗುಂಡಿಗಳು ಬಂದ ಸದ್ದನ್ನೆಲ್ಲ ಕೊಡುತ್ತಿದ್ದವು. ಹೊಸವು ಆರಿಸಿ ಕೊಡುತ್ತವೆ. ಹೇಗೆ ಆರಿಸಬೇಕು ಎಂಬ ಸೂತ್ರ ಕಂಪನಿಯ ಸರ್ವರಿನಿಂದ ಬರುತ್ತದೆ. ಕಂಪನಿಯ ಮುದ್ರೆಯಿಲ್ಲದ ಸೂತ್ರವನ್ನು ಗುಂಡಿ ಒಳಗೆ ಬಿಡುವುದಿಲ್ಲ.

ಇದು ಫಕೀರೇಶನಿಗೆ ಹಿಡಿಸದ ಮಾತು. ಹಿಡಿಸದ ಕೆಲಸವನ್ನೇ ಮಾಡಿ ಸಂಬಳ ತೆಗೆದುಕೊಳ್ಳುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನೂ ಒಬ್ಬ.

ಅವನ ಮನೆಯಲ್ಲಿ ತಾನಾಗಿ ಅಪ್‌ಡೇಟ್ ಆಗುವ ವಸ್ತು ಒಂದೂ ಇರಲಿಲ್ಲ. ಟೀವಿಗೆ ಇಂಟರ್ನೆಟ್ ಕೊಟ್ಟಿರಲಿಲ್ಲ. ಫೋನಿನ ತಂತ್ರಾಂಶ ಅಳಿಸಿ ಬೇರೆಯದು ಹಾಕಿದ್ದ. ಫ್ರಿಜ್ಜು ಬಾಗಿಲು ತೆರೆದಾಗೆಲ್ಲ ಮಾತಾಡುತ್ತಿತ್ತು, ಅದರ ಸ್ಪೀಕರಿನ ವೈರು ಕತ್ತರಿಸಿದ್ದ. ವಾಷಿಂಗ್ ಮಷಿನ್ನು ಒಗೆದ ಬಟ್ಟೆಯ ತೂಕವನ್ನು ತನ್ನ ಕಂಪನಿಗೆ ವರದಿ ಮಾಡುತ್ತದೆ ಎಂದು ತಿಳಿದ ದಿನವೇ ಅದರ ಬೋರ್ಡು ಕಿತ್ತು ಹೊರಗೆ ಕೆಲವು ಸ್ವಿಚ್ಚು ತೂಗಬಿಟ್ಟಿದ್ದ. ಯಾವುದರ ನಂತರ ಯಾವುದು ಒತ್ತಬೇಕು ಎಂಬುದು ಅವನ ತಲೆಯಲ್ಲಿತ್ತು. ತಪ್ಪಿ ಒತ್ತಿದರೆ ನೀರು ಬಚ್ಚಲಿನ ಬದಲು ಹಜಾರಕ್ಕೆ ಬರುತ್ತಿತ್ತು.

"ಬೀಗದ ಕೈ ಯಾರ ಹತ್ರ ಐತಿ ನೋಡು, ವಸ್ತು ಅವರದು," ಎನ್ನುವುದು ಅವನ ಮಾತು. "ರೊಕ್ಕ ಕೊಟ್ಟು ತಂದೀವಿ ಅಂದಕೂಡ್ಲೇ ನಮ್ಮದಾಗೂದಿಲ್ಲ. ತೆರಿಯಾಕ ಬರಬೇಕು, ಕೆಡಸಾಕ ಬರಬೇಕು, ಬ್ಯಾಡ ಅನ್ನಾಕ ಬರಬೇಕು."

ದಾಕ್ಷಾಯಿಣಿ ಇದನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದಳು. "ಅದೆಲ್ಲ ಖರೆ. ಈಗ ಬಟ್ಟಿ ಒಗೀಬೇಕು, ಯಾವ ಸ್ವಿಚ್ಚು ಒತ್ತಲಿ ಹೇಳ್ರಿ," ಎನ್ನುತ್ತಿದ್ದಳು.

ಮನೆಯಲ್ಲಿ ಅವನು ಕೈ ಹಾಕದೆ ಬಿಟ್ಟ ಸಾಧನ ಅವಳ ಗುಂಡಿಯೊಂದೇ. ಕಾಲೇಜಿನ ಕೊನೆಯ ವರ್ಷ ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ತಂತಿ ಕೂಡಿಸಿದ್ದು ಬಲಗಿವಿಗೆ ಮಾತ್ರ. ಗುಂಡಿಯಲ್ಲಿ ಮಿಡಿತದ ಮಿತಿ ಎಂಬುದೊಂದಿದೆ. ಅದನ್ನು ತಪ್ಪಿ ಮೇಲಕ್ಕೆ ಒಯ್ದರೆ ನರ ಸುಡುತ್ತದೆ. ಸುಟ್ಟ ನರ ಮತ್ತೆ ಕೇಳುವುದಿಲ್ಲ. ಅಷ್ಟು ಭಯ ಅವನಿಗೂ ಇತ್ತು.

ದಾಕ್ಷಾಯಿಣಿ ಹಳೇ ಹುಬ್ಬಳ್ಳಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ತಗಡಿನ ಮಾಡಿನ ಉದ್ದನೆಯ ಕೋಣೆ, ಸಾಲಾಗಿ ಒಲೆ, ಒಲೆಗೊಬ್ಬ ಹೆಂಗಸು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಖಾನಾವಳಿಗಳಿಗೆ ಬಿಸಿರೊಟ್ಟಿ, ಆಮೇಲೆ ಅಂಗಡಿಗಳಿಗೆ ಖಡಕ್ ರೊಟ್ಟಿ. ಎಲ್ಲರೂ ಕೂಡಿ ಹಿಟ್ಟು ಬಡಿಯತೊಡಗಿದರೆ ಹೊರಗಿನವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ಒಳಗಿನವರು ಆ ಬಡಿತದ ನಡುವೆಯೇ ಮಾತಾಡುತ್ತಾರೆ. ಗಂಡಂದಿರ ಸುದ್ದಿ, ಅತ್ತೆಯ ಸುದ್ದಿ, ಯಾರ ಮಗಳು ಯಾರ ಗಾಡಿಯ ಹಿಂದೆ ಕೂತಳು ಎಂಬುದು. ಬಡಿತಕ್ಕೆ ಮಾತು ಕೂಡುತ್ತದೆ, ಮಾತಿಗೆ ಕೈ ಕೂಡುತ್ತದೆ. ಅದು ಅಲ್ಲಿನ ಕೆಲಸದ ರೀತಿ.

ಅಪ್‌ಡೇಟ್ ಆದ ಮರುದಿನ ಕೋಣೆ ಗಪ್ಪಾಯಿತು.

ದಾಕ್ಷಾಯಿಣಿ ಮೊದಲು ಖುಷಿಪಟ್ಟಳು. ಬಡಿತ ಹೋಗಿತ್ತು, ತಲೆ ಹಗುರಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಎದುರಿನ ಒಲೆಯವರ ತುಟಿ ಅಲ್ಲಾಡುವುದು ಕಂಡಿತು. ಮಾತು ಬರಲಿಲ್ಲ. ನಕ್ಕರು, ನಗು ಬರಲಿಲ್ಲ. ಒಬ್ಬಳು ಅವಳನ್ನೇ ನೋಡಿ ಏನೋ ಅಂದು ಮತ್ತೊಬ್ಬಳ ಕಡೆ ತಿರುಗಿದಳು. ಒಂದು ಬುಟ್ಟಿ ಮುಗಿದು ಕೈಗಳು ನಿಂತಾಗ ಫಕ್ಕನೆ ಎಲ್ಲ ಕೇಳಿಸಿತು.

"ದಾಕ್ಷಾಕ್ಕಗ ದೊಡ್ಡಸ್ತಿಕಿ ಬಂದೈತಿ ತಗೊ," ಎನ್ನುತ್ತಿದ್ದಳು ರೇಣವ್ವ. ಏಳು ತಿಂಗಳ ಬಸುರಿ, ಬಾಯಿ ಜೋರು. "ನನ್ನ ಕುಬಸಕ್ಕ ಬರ್ತೀಯೇನ ಯಕ್ಕಾ ಅಂತ ಮುಂಜಾನಿಂದ ಕೇಳಾಕತ್ತೀನಿ. ಗ್ವಾಡಿಗೆ ಕೇಳಿದ್ರ ಗ್ವಾಡಿಯಾರ ಹೂಂ ಅಂತಿತ್ತು."

"ಬರ್ತೀನೇಳ ಮಾರಾಯ್ತಿ. ಕೇಳಿಸಲಿಲ್ಲ."

"ಕಿವಿಗೆ ಹೊಸಾದು ಬಂದೈತಿ ಅಂದಿ?"

"ಬಂದೈತಿ. ಅದಕ್ಕ ಕೇಳಿಸಲಿಲ್ಲ."

ಹೆಂಗಸರು ನಕ್ಕರು. ಮತ್ತೆ ಬಡಿತ ಶುರುವಾಯಿತು. ನಗು ಅರ್ಧಕ್ಕೆ ಕತ್ತರಿಸಿಹೋಯಿತು.

ಸಂಜೆ ಅವಳು ಹೇಳಿದ್ದನ್ನು ಕೇಳಿದ ಮೇಲೆ ಫಕೀರೇಶನಿಗೆ ಕಾರಣ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಒಂದೇ ಲಯದಲ್ಲಿ ಬರುವುದೆಲ್ಲ ಯಂತ್ರದ ಗದ್ದಲ ಎಂದು ಹೊಸ ಸೂತ್ರ ತಿಳಿದಿದೆ. ಬಡಿತಕ್ಕೆ ಹೊಂದಿಸಿಕೊಂಡು ಆಡಿದ ಮಾತೂ ಅದೇ ಲಯದಲ್ಲಿ ಬರುತ್ತದೆ. ಬಡಿತದ ಜೊತೆ ಅದನ್ನೂ ಗುಡಿಸಿ ಹಾಕುತ್ತದೆ. ಸೂತ್ರ ಬರೆದವರು ಕಚೇರಿಯಲ್ಲಿ ಕೂತು ಬರೆದಿದ್ದಾರೆ. ಅಲ್ಲಿ ಯಾರೂ ಕೈಯಿಂದ ಬಡಿಯುತ್ತ ಮಾತಾಡುವುದಿಲ್ಲ.

ಮರುದಿನ ಪಾಳಿಯ ಮುಖ್ಯಸ್ಥೆ ಜುಬೇದಾ ನದಾಫ್ ಅವರ ಮೇಜಿಗೆ ಹೋದ. ನಿವೃತ್ತಿಗೆ ಹತ್ತಿರವಾದ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವವರು.

"ಮೇಡಂ, ಹಳೇ ಸೂತ್ರ ವಾಪಸ್ ಹಾಕಾಕ ಬರತೈತೇನ್ರಿ? ಒಂದ ಗುಂಡಿಗೆ."

"ನಿನ್ನ ಮನೀದು?"

"ಹೌದ್ರಿ."

"ಹಿಂದಕ್ಕ ಹೋಗೂದು ನಮ್ಮ ಕೈಯಾಗಿಲ್ಲ ಫಕೀರೇಶ. ಇಲ್ಲಿರೂ ಸ್ವಿಚ್ಚು ಎಲ್ಲಾ ಮುಂದಕ್ಕ ತಳ್ಳೂವು." ಅವರು ಪರದೆ ತಿರುಗಿಸಿ ತೋರಿಸಿದರು. "ಇಂಥವ ಇಳಕಲ್ಲಿನಿಂದ ಬಂದಾವು, ಮಗ್ಗದ ಮುಂದ ಕುಂತವರವು. ಬೆಳಗಾವಿಯಿಂದ ಕಮ್ಮಾರ ಒಬ್ಬಾಂವ. ತನ್ನ ಮಗ ಕರದದ್ದು ಕೇಳಲಿಲ್ಲ ಅಂತಾನ. ಇವನ್ನ ದೂರು ಅಂತ ಬರೀಬಾರದಂತ. ಹೊಂದಾಣಿಕೆಯ ಅವಧಿ ಅಂತ ಬರೀಬೇಕು."

"ಹೊಂದಾಣಿಕಿ ಆಗೂದು ಏನ್ರಿ? ಗುಂಡಿಯೋ, ಮಂದಿಯೋ?"

"ಚಾ ಕುಡಿ," ಅಂದರು ಜುಬೇದಾ.

ಕೊಠಡಿಯ ಮೂಲೆಯ ಕಪಾಟಿನಲ್ಲಿ ಪರೀಕ್ಷೆಯ ಗುಂಡಿಗಳಿರುತ್ತಿದ್ದವು. ಅವಕ್ಕೆ ಮುದ್ರೆಯ ಹಂಗಿಲ್ಲ. ಯಾವ ಸೂತ್ರ ಕೊಟ್ಟರೂ ನುಂಗುತ್ತವೆ. ಗುಂಡಿ ಗ್ರಾಹಕರದೋ ಪರೀಕ್ಷೆಯದೋ ಎಂಬುದಕ್ಕೆ ಒಳಗೆ ಒಂದೇ ಒಂದು ಗುರುತು. ಅದನ್ನು ಬರೆಯುವ ಉಪಕರಣ ಕಂಪನಿಯದು, ಕಪಾಟಿನ ಕೀಲಿ ಪಾಳಿಯವರದು. ಫಕೀರೇಶ ಆ ವಾರ ಉಪಕರಣವನ್ನು ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ದ. ಭಾನುವಾರ ಹೆಂಡತಿಯ ಗುಂಡಿಯನ್ನು ಮೇಜಿನ ಮೇಲಿಟ್ಟು ಗುರುತು ಬದಲಿಸಿದ. ಹಳೆಯ ಸೂತ್ರ ಸಿಗಲಿಲ್ಲ. ಹೊಸದನ್ನೇ ತೆರೆದು, ಲಯದ ಜರಡಿ ಕಿತ್ತು, ಇಂಥದ್ದನ್ನು ಮಾತು ಎಂದು ತಿಳಿ ಎಂದು ಅದಕ್ಕೆ ಮತ್ತೆ ಕಲಿಸಿದ. ಕಲಿಸಲು ಯಾರಾದರೂ ಬಹಳ ಹೊತ್ತು ಮಾತಾಡಬೇಕು. ಕೈಗೆ ಸಿಕ್ಕಿದ್ದು ವಾಷಿಂಗ್ ಮಷಿನ್ನಿನ ಜೊತೆ ಬಂದಿದ್ದ ಪುಸ್ತಿಕೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದಿದ. ದಾಕ್ಷಾಯಿಣಿ ಕಿವಿಯಿಲ್ಲದೆ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಸೋಮವಾರ ರೊಟ್ಟಿ ಕೇಂದ್ರದಿಂದ ಬಂದವಳೇ, "ಎಲ್ಲಾ ಕೇಳಸ್ತು," ಅಂದಳು. "ಬಡಿತಾನೂ ಕೇಳಸ್ತು, ರೇಣವ್ವನ ಬಾಯೀನೂ ಕೇಳಸ್ತು. ತಲಿ ಹೋಳಾಗೇತಿ. ಚೊಲೋ ಆತು."

ಫಕೀರೇಶ ಅದರ ಮೇಲೂ ಕೈಯಾಡಿಸುವುದು ಬಿಡಲಿಲ್ಲ. ಮುಂಜಾನೆ ಒಂದಿಷ್ಟು ಸರಿಮಾಡುತ್ತಿದ್ದ, ಸಂಜೆ ಅದನ್ನೇ ಬದಲಿಸುತ್ತಿದ್ದ. ಗುಂಡಿ ಮನೆಯ ಕಂಪ್ಯೂಟರಿಗೆ ಕಾಣುತ್ತಿತ್ತು. ಅವಳು ಅಡುಗೆಮನೆಯಲ್ಲಿದ್ದಾಗಲೇ ಕುಕ್ಕರಿನ ಸೀಟಿ ತಗ್ಗಿಸಿ, "ಹೆಂಗೈತಿ ಈಗ?" ಎಂದು ಕೇಳುತ್ತಿದ್ದ. ಅವಳಿಗೆ ಸೀಟಿ ಎಷ್ಟಾಯಿತು ಎಂದು ತಿಳಿಯದೆ ಬೇಳೆ ತಳ ಹತ್ತುತ್ತಿತ್ತು.

ರೇಣವ್ವನ ಕುಬಸಕ್ಕೆ ಇಬ್ಬರೂ ಹೋದರು. ಒಳಗೆ ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಗದ್ದಲ. ಹಿರಿಯ ಹೆಂಗಸೊಬ್ಬರು ಸೋಬಾನೆ ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು. ಹೊರಗೆ ಚಪ್ಪರದಡಿ ಗಂಡಸರ ನಡುವೆ ಕುರ್ಚಿ ಹಾಕಿಕೊಂಡು ಫಕೀರೇಶ ಮಾತಿಗೆ ಕೂತಿದ್ದ. ಮೊದಲಿನ ಫೋನುಗಳ ಬ್ಯಾಟರಿ ಉಗುರಿನಿಂದ ತೆಗೆಯಬಹುದಿತ್ತು. ಈಗ ಅಂಟು ಹಾಕುತ್ತಾರೆ. ಅಂಟು ಹಾಕಿದ ದಿನವೇ ಫೋನು ನಮ್ಮ ಕೈ ಬಿಟ್ಟಿತು. ಇಂಥವು.

ದಾಕ್ಷಾಯಿಣಿ ಬಸುರಿಯ ಪಕ್ಕದಲ್ಲೇ ಕೂತಿದ್ದಳು. ಹಾಡುವವರ ಬಾಯಿ ಅವಳಿಂದ ಮೊಳದೂರದಲ್ಲಿತ್ತು. ಅವಳ ತಲೆಯೊಳಗೆ ಗಂಡನ ದನಿ ನಿಚ್ಚಳವಾಗಿ ಬ್ಯಾಟರಿಯ ಅಂಟಿನ ಬಗ್ಗೆ ಮಾತಾಡುತ್ತಿತ್ತು. ಅವನು ಉಸಿರು ತೆಗೆದುಕೊಂಡಾಗ ಹಾಡಿನ ಒಂದು ಸಾಲು ಕೇಳುತ್ತಿತ್ತು. ಅವನು ಮತ್ತೆ ಶುರು ಮಾಡಿದೊಡನೆ ಹಾಡು ಹಿಂದೆ ಸರಿಯುತ್ತಿತ್ತು. ಅವಳು ಗುಂಡಿ ಕಿತ್ತು ಉಡಿಯಲ್ಲಿ ಹಾಕಿಕೊಂಡಳು. ಆರತಿ ಮುಗಿಯುವವರೆಗೂ ಬಾಯಿಗಳನ್ನು ನೋಡುತ್ತ ಕೂತಳು.

ಮರುದಿನ ಮುಂಜಾನೆ ಕೇಳಿದಳು. "ನಿಮ್ಮ ದನಿ ಯಾಕ ಎಲ್ಲಾರಗಿಂತ ಮ್ಯಾಲ ಬರತೈತಿ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಮುಖ ಕೆಂಪಾಯಿತು. "ನನ್ನ ದನೀಲೇ ಕಲಿಸೀನಲ್ಲ. ಅದಕ್ಕ ಮಾತು ಅಂದ್ರ ಮೊದಲು ನನ್ನ ದನಿ. ಬ್ಯಾರೇದವು ಆಮ್ಯಾಲ. ಬೇಕಂತ ಮಾಡಿಲ್ಲ ದಾಕ್ಷಾ."

"ಬೇಕಂತ ಮಾಡೀರಿ ಅಂತ ನಾ ಅನ್ನಲಿಲ್ಲ."

"ಆವಾಗ ಮನ್ಯಾಗ ನಾನೊಬ್ಬನ ಇದ್ದೆ."

"ನಾ ಇದ್ದೆನಲ್ಲ."

"ನಿನ್ನ ಗುಂಡಿ ಮೇಜಿನ ಮ್ಯಾಲಿತ್ತು. ನಿನಗ ಕೇಳ್ತಿರಲಿಲ್ಲ."

"ಕೇಳ್ತಿರಲಿಲ್ಲ. ಮಾತಾಡಾಕ ಬರ್ತಿತ್ತು."

ಒಲೆಯ ಮೇಲೆ ಒಗ್ಗರಣೆ ಹೊತ್ತಿತು. ಅವಳು ಬಾಣಲೆ ಇಳಿಸಿದಳು.

"ಹತ್ತು ನಿಮಿಷದ ಕೆಲಸ. ಕೊಡು, ಸರಿ ಮಾಡ್ತೀನಿ."

"ಬ್ಯಾಡ. ಸರಿ ಮಾಡೂದು ನನಗ ತೋರಸ್ರಿ. ಬೀಗದ ಕೈ ನನ್ನ ಹತ್ರ ಇರಲಿ."

"ಅದು ಸ್ವಿಚ್ಚು ಒತ್ತೂ ಕೆಲಸಲ್ಲ. ಮಿತಿ ತಪ್ಪಿದ್ರ ನರ ಸುಡತೈತಿ. ಹೋದದ್ದು ವಾಪಸ್ ಬರೂದಿಲ್ಲ."

"ಕಂಪನಿಯವರೂ ಇದನ್ನ ಅಂದಿದ್ರು. ನಿಮ್ಮ ಸುರಕ್ಷತೆಗೆ ಅಂತ."

ಅವನು ಆಮೇಲೆ ನೋಡೋಣ ಅಂದು ಕೆಲಸಕ್ಕೆ ಹೋದ. ಆ ವಾರ ಪೂರ್ತಿ ಆಮೇಲೆ ನೋಡೋಣ ಅಂದ. ತನ್ನ ದನಿಯನ್ನಂತೂ ತಗ್ಗಿಸಿದ. ಅದನ್ನೂ ಅವಳಿಗೆ ಹೇಳದೆ ತನ್ನ ಕಂಪ್ಯೂಟರಿನಿಂದಲೇ ತಗ್ಗಿಸಿದ. ಅವಳು ಪಲ್ಯ ಬಡಿಸುತ್ತಿದ್ದಾಗ ಅವನ ಮಾತು ನಡುವೆಯೇ ಸಣ್ಣದಾಯಿತು. ಅವಳು ಸೌಟು ಕೆಳಗಿಟ್ಟು ಅವನ ಮುಖ ನೋಡಿದಳು.

ಶುಕ್ರವಾರ ಜುಬೇದಾ ಅವನನ್ನು ಚಹಾಕ್ಕೆ ಕರೆದರು. ಚಹಾದಂಗಡಿ ಕಟ್ಟಡದ ಕೆಳಗೇ ಇತ್ತು. ಅವರು ಕಪ್ಪು ಹಿಡಿದು ರಸ್ತೆಯ ಕಡೆ ನೋಡುತ್ತ ಮಾತಾಡಿದರು.

"ಪರೀಕ್ಷೆ ಗುಂಡಿ ಒಂದು ಕಪಾಟದಾಗಿಂದ ಇಳದು ಹಳೇ ಹುಬ್ಬಳ್ಳಿಯಾಗ ಅಡ್ಡಾಡಾಕತ್ತೈತಿ. ಮುಂಜಾನೆದ್ದು ರೊಟ್ಟಿ ಬಡಿಯಾಕ ಹೊಕ್ಕೈತಿ."

ಫಕೀರೇಶ ಕಪ್ಪು ಕೆಳಗಿಟ್ಟ.

"ಮ್ಯಾಲಿನವರು ಲೆಕ್ಕ ಕೇಳ್ಯಾರ. ಸೋಮವಾರ ನಾನ ಆದೇಶ ಕಳಸಬೇಕು. ಕಪಾಟದಾಗ ಇಲ್ಲದ ಪರೀಕ್ಷೆ ಗುಂಡಿ ಎಲ್ಲಾ ಸಾಯ್ತಾವು. ಸತ್ತದ್ದು ಕಲ್ಲು, ಮತ್ತ ಏಳೂದಿಲ್ಲ. ಹೊಸಾದು ಬೇಕಂದ್ರ ಅರ್ಜಿ ಹಾಕಬೇಕು, ಹಳೇದು ಹೆಂಗ ಸತ್ತು ಅಂತ ಹೇಳಬೇಕು. ಹೇಳಿದ್ರ ಕೊಡೂದಿಲ್ಲ."

"ಕಳಸದ ಇರಾಕ ಬರೂದಿಲ್ಲೇನ್ರಿ?"

"ಬರೂದಿಲ್ಲ. ನನಗೂ ಮನಿ ಐತಿ." ಅವರು ಚಹಾ ಮುಗಿಸಿದರು. "ಸೋಮವಾರದೊಳಗ ಗ್ರಾಹಕರ ಗುರುತು ವಾಪಸ್ ಬರೆದು ಅಪ್‌ಡೇಟ್ ತಗೊಂಡ್ರ ಉಳೀತೈತಿ. ಇಲ್ಲಾ, ನೆಟ್‌ವರ್ಕಿನ ಕೊಂಡಿ ಕಿತ್ತು ಒಗದ್ರ ಆದೇಶ ಮುಟ್ಟೂದಿಲ್ಲ. ಆದ್ರ ಆಮ್ಯಾಲ ಅದು ಯಾರದೂ ಅಲ್ಲ. ಕೆಟ್ರ ಯಾರೂ ಮುಟ್ಟೂದಿಲ್ಲ. ಉಪಕರಣ ಕಪಾಟಿಗೆ ಬರ್ಲಿ. ನಾ ಏನೂ ಹೇಳಿಲ್ಲ ನಿನಗ."

ಮನೆಗೆ ಬಂದು ಫಕೀರೇಶ ಎಲ್ಲವನ್ನೂ ಹೇಳಿದ. ಅವಳೆದುರು ಕೂತು, ಮುಚ್ಚಿಡದೆ ಹೇಳಿದ. ಆದರೆ ಕೊನೆಯಲ್ಲಿ ತನ್ನದೊಂದು ಮೂರನೆಯ ದಾರಿಯನ್ನೂ ಇಟ್ಟ. ಗುಂಡಿಗೆ ಸುಳ್ಳು ಗುರುತು ಬರೆಯುವುದು, ಆದೇಶ ಬಂದಾಗೆಲ್ಲ ಗುರುತು ಬದಲಿಸುವುದು. ನೆಟ್‌ವರ್ಕು ಉಳಿಯುತ್ತದೆ, ಅವನ ಕಂಪ್ಯೂಟರಿನಿಂದ ಎಲ್ಲ ನಡೆಯುತ್ತದೆ. ಅವಳಿಗೆ ಏನೂ ತೊಂದರೆಯಿಲ್ಲ. ಹೇಳುವಾಗ ಅವನ ಕಣ್ಣು ಬೆಳಗಿತ್ತು. ತಾಂತ್ರಿಕವಾಗಿ ಅದು ಚಂದದ ಉಪಾಯವೇ ಆಗಿತ್ತು.

"ಅಂದ್ರ ಆದೇಶ ಬಂದಾಗೆಲ್ಲ ನಿಮ್ಮ ಮುಂದ ಕಿವಿ ಕೊಟ್ಟು ಕುಂಡ್ರಬೇಕು."

"ನಾ ಪರಕೀಯನೇನ?"

"ಪರಕೀಯರಲ್ಲ. ಅದಕ್ಕ ಹೇಳಾಕತ್ತೀನಿ. ಕಂಪನಿಯವರಿಗೆ ಬೈದ್ರ ಹಗುರಾಗತೈತಿ. ನಿಮಗ ಬೈದ ಮ್ಯಾಲ ನಿಮಗ ರೊಟ್ಟಿನೂ ನೀಡಬೇಕು." ಅವಳು ಸ್ವಲ್ಪ ಹೊತ್ತು ಕೈಬೆರಳು ನೋಡಿಕೊಂಡಳು. ತುದಿಗಳು ಹಂಚಿನ ಬಿಸಿಗೆ ಗಟ್ಟಿಯಾಗಿದ್ದವು. "ಕೊಂಡಿ ಕಿತ್ತುಬಿಡ್ರಿ. ಕಂಪನೀದೂ ಕೀಳ್ರಿ, ನಿಮ್ಮ ಕಂಪ್ಯೂಟರಿಂದೂ ಕೀಳ್ರಿ. ತಿರಗಸೂದು ಹೆಂಗ ಅಂತ ನನಗ ಹೇಳಿಕೊಡ್ರಿ."

"ಮಿತಿಯ ಬೀಗ ಒಂದು ನನ್ನ ಹತ್ರ ಇರಲಿ. ಅದೊಂದು."

"ವಯಸ್ಸಾದಂಗ ಮಿತಿ ಏರಸಬೇಕಾಗತೈತಿ ಅಂತ ಡಾಕ್ಟರ್ ಅಂದಿದ್ರು. ಆವಾಗ ಯಾರು ಏರಸವರು?"

"ನಾನು."

"ನೀವು ಇರದಿದ್ರ?"

ಭಾನುವಾರ ಕೊಂಡಿ ಕಿತ್ತ. ಅದು ಗುಂಡಿಯೊಳಗಿನ ಕೂದಲೆಳೆಯಂಥ ತಂತಿ. ಕಿತ್ತರೆ ಮತ್ತೆ ಬೆಸೆಯಲು ಬರುವುದಿಲ್ಲ. ಕೀಳುವ ಮೊದಲು ಅವಳ ಮುಖ ನೋಡಿದ. ಅವಳು ಕೈಯಿಂದ ಹೂಂ ಅಂದಳು. ಹಳೆಯ ಫೋನೊಂದನ್ನು ಗುಂಡಿಗೆ ತಂತಿಯಿಂದ ಕೂಡಿಸುವಂತೆ ಮಾಡಿ, ಅದರಲ್ಲಿ ಏರಿಸುವ ಇಳಿಸುವ ಪಟ್ಟಿಗಳನ್ನು, ಮಿತಿಯದನ್ನೂ ಸೇರಿಸಿ, ಕನ್ನಡದಲ್ಲಿ ಬರೆದುಕೊಟ್ಟ. ಗುಪ್ತಸಂಕೇತ ಅವಳೇ ಹಾಕಿಕೊಂಡಳು. ಹಾಕುವಾಗ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವನು ಕಿಟಕಿಯ ಕಡೆ ನೋಡಿದ.

ಸೋಮವಾರ ಜುಬೇದಾ ಆದೇಶ ಕಳಿಸಿದರು. ಪರದೆಯಲ್ಲಿ ಒಂದು ಸಾಲು ಬಂತು: ಇಂಥ ಸಾಧನ ಸಿಗುತ್ತಿಲ್ಲ. ಜುಬೇದಾ ಅದನ್ನು ಓದಿ, ತಲೆಯ ಮೇಲಿನ ಕನ್ನಡಕ ಹುಡುಕತೊಡಗಿದರು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಮೊದಲ ಸಲ ತಾನೇ ತಿರುಗಿಸಿದಾಗ ಅವಳಿಗೆ ತಲೆ ಸುತ್ತಿ ವಾಂತಿಯಾಯಿತು. ಬಸ್ಸಿನ ಹಾರ್ನು ಮೊಳೆಯಂತೆ ಹೊಕ್ಕಿತು. ಒಂದು ದಿನ ನೀರಿನ ಸದ್ದೆಲ್ಲ ಹೋಗಿ ನಳ ಬಿಟ್ಟದ್ದು ತಿಳಿಯದೆ ಕೊಡ ತುಂಬಿ ಹರಿಯಿತು. ಫಕೀರೇಶ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡ. ಎಲ್ಲಿ ತಪ್ಪಿದೆ ಎಂಬುದು ಅವನಿಗೆ ಗೊತ್ತಿತ್ತು. ಅವಳು ಅವನನ್ನು ಕೇಳಲಿಲ್ಲ. ರೊಟ್ಟಿ ಕೇಂದ್ರದಲ್ಲಿ ಮಧ್ಯಾಹ್ನ ಒಲೆ ಆರಿಸಿದ ಮೇಲೆ ಹೆಂಗಸರನ್ನು ಸುತ್ತ ಕೂಡಿಸಿಕೊಂಡು, ಒಬ್ಬೊಬ್ಬರಿಗೂ ಮಾತಾಡು ಅಂದು, ಬೆರಳಿನಿಂದ ಪಟ್ಟಿ ಸರಿಸುತ್ತಿದ್ದಳು. ರೇಣವ್ವನಿಗೆ, "ನಿನ್ನದು ಇಷ್ಟ ಸಾಕವಾ, ಇದರ ಮ್ಯಾಲ ತಡಕೊಳ್ಳಾಕ ಆಗೂದಿಲ್ಲ," ಅಂದಳಂತೆ. ಸರಿಹೋಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸರಿ ಎಂಬುದರ ಅಳತೆ ಅವಳ ತಲೆಯೊಳಗಿತ್ತು.

ನಿಯಂತ್ರಣ ಕೊಠಡಿಯಲ್ಲಿ ಮುಂದಿನ ಅಪ್‌ಡೇಟ್ ಬಂತು. ಫಕೀರೇಶ ಚುಕ್ಕೆಗಳನ್ನು ಹಸಿರು ಮಾಡಿ ಮನೆಗೆ ಬಂದ. ಹಜಾರದಲ್ಲಿ ಕೂತು ಬೂಟು ಬಿಚ್ಚುತ್ತ, "ದಾಕ್ಷಾ," ಅಂದ.

ಅಡುಗೆಮನೆಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಅವಳು ತಿರುಗಲಿಲ್ಲ. ಪಾತ್ರೆಯ ಮುಚ್ಚಳ ಬಿದ್ದಾಗ ತಲೆ ಅಲುಗಿತು, ಅಂದರೆ ಗುಂಡಿ ಕಿವಿಯಲ್ಲಿತ್ತು. ಅವನು ಮತ್ತೊಮ್ಮೆ ಕರೆದ. ತನ್ನ ದನಿಯನ್ನು ಅವಳು ಎಷ್ಟರಲ್ಲಿಟ್ಟಿದ್ದಾಳೆ ಎಂಬುದು ಅವನಿಗೆ ತಿಳಿಯದು. ಕೇಳಿಸಿಯೂ ಸುಮ್ಮನಿದ್ದಾಳೋ, ಕೇಳಿಸಿಯೇ ಇಲ್ಲವೋ ಎಂದು ತಿಳಿಯಲು ಈಗ ಯಾವ ಪರದೆಯೂ ಇರಲಿಲ್ಲ. ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತ.

ಆಮೇಲೆ ಎದ್ದು ಒಳಗೆ ಹೋಗಿ ಅವಳ ಎದುರಿಗೆ ನಿಂತ.

"ಏನ್ರಿ?" ಅಂದಳು.